ಸೂಜಿಗೂ ಮೊದಲು, ಸೂಜಿಯ ನಂತರ: ರಕ್ತ ತೆಗೆಯಲು ಕಲಿಯುವವರಿಗೆ

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮುಂಬಯಿಯ ಯಾವ ಲ್ಯಾಬಿಗೆ ಹೋದರೂ ಪ್ಲೇಟ್‌ಲೆಟ್ ಎಣಿಕೆಯ ಚೀಟಿಗಳೇ ಹೆಚ್ಚು. ಡೆಂಗ್ಯೂ, ಮಲೇರಿಯಾ, ಇಲಿಜ್ವರಗಳು ಮಳೆಯ ಬೆನ್ನಿಗೇ ಬರುವ ಈ ಊರಿನಲ್ಲಿ ಜ್ವರ ಎರಡು ದಿನ ಬಿಡದಿದ್ದರೆ ವೈದ್ಯರು ರಕ್ತಪರೀಕ್ಷೆ ಬರೆದುಕೊಡುತ್ತಾರೆ. ವರದಿಯಲ್ಲಿ ಪ್ಲೇಟ್‌ಲೆಟ್ 38,000 ಎಂದು ಬಂದರೆ ಮನೆಮಂದಿಗೆ ಕೈಕಾಲು ಆಡದಂತಾಗುತ್ತದೆ. ಆದರೆ ಅದೇ ರೋಗಿಯ ರಕ್ತವನ್ನು ಸರಿಯಾಗಿ ಇನ್ನೊಮ್ಮೆ ತೆಗೆದು ನೋಡಿದಾಗ ಎಣಿಕೆ 1,60,000 ಇರುವುದುಂಟು. ಇಂಥ ಸಂದರ್ಭಗಳಲ್ಲಿ ಯಂತ್ರ ತಪ್ಪಿರುವುದಿಲ್ಲ. ಮೊದಲ ಟ್ಯೂಬಿನ ತಳದಲ್ಲಿ ಸಾಸಿವೆ ಕಾಳಿನಷ್ಟು ಹೆಪ್ಪು ಕೂತಿರುತ್ತದೆ. ಪ್ಲೇಟ್‌ಲೆಟ್‌ಗಳು ಅದರಲ್ಲಿ ಸಿಕ್ಕಿಕೊಂಡು ಲೆಕ್ಕಕ್ಕೆ ಸಿಗದೆ ಹೋಗಿರುತ್ತವೆ. ರಕ್ತ ತೆಗೆದವರು ಟ್ಯೂಬನ್ನು ತಕ್ಷಣ ಮಗುಚಿ ಬೆರೆಸಿರಲಿಲ್ಲ, ಅಥವಾ ಸಿರಿಂಜಿನಲ್ಲಿ ರಕ್ತ ನಿಧಾನವಾಗಿ ಬರುತ್ತಿರುವಾಗಲೇ ಅದು ಹೆಪ್ಪುಗಟ್ಟತೊಡಗಿತ್ತು.

ಈ ಕೆಲಸ ಕಲಿಯಲು ಬರುವವರು ಸೂಜಿ ಚುಚ್ಚುವುದನ್ನೇ ಇಡೀ ವಿದ್ಯೆ ಎಂದು ಭಾವಿಸುವುದು ಸಹಜ, ಏಕೆಂದರೆ ಭಯವಾಗುವುದು ಅದಕ್ಕೇ. ಕೈಯ ಹದ ಅಭ್ಯಾಸದಿಂದ ಬರುತ್ತದೆ, ಎಲ್ಲರಿಗೂ ಬರುತ್ತದೆ. ಆದರೆ ಪ್ರಯೋಗಾಲಯಗಳಲ್ಲಿ ಆಗುವ ತಪ್ಪುಗಳಲ್ಲಿ ದೊಡ್ಡ ಪಾಲು ಸ್ಯಾಂಪಲ್ ಯಂತ್ರವನ್ನು ಸೇರುವ ಮೊದಲೇ ಆಗಿರುತ್ತದೆ. ರೋಗಿಯ ನಾಳದಲ್ಲಿ ಹರಿಯುವಾಗ ರಕ್ತ ಹೇಗಿತ್ತೋ ಹಾಗೆಯೇ, ಅದೇ ರೋಗಿಯ ಹೆಸರಿನಲ್ಲಿ, ಯಂತ್ರದವರೆಗೆ ಮುಟ್ಟಿಸುವುದು ರಕ್ತ ತೆಗೆಯುವವರ ಹೊಣೆ. ಮುಂಬಯಿ, ಠಾಣೆ, ಡೊಂಬಿವಲಿಗಳ ಕನ್ನಡ ಮನೆಗಳಿಂದ ಡಿಎಂಎಲ್‌ಟಿಗೋ (ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ) ನರ್ಸಿಂಗಿಗೋ ಸೇರುವ ಮಕ್ಕಳಿಗೆ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ವಾರ್ಡಿನ ಮಾತು ಮರಾಠಿ, ಹಿಂದಿಗಳಲ್ಲಿ ಸಾಗುತ್ತದೆ. ನಿಯಮಗಳು ಹೇಗೋ ಬಾಯಿಪಾಠವಾಗುತ್ತವೆ, ಕಾರಣಗಳು ಮಾತ್ರ ಹಿಂದೆ ಉಳಿಯುತ್ತವೆ. ಈ ಬರಹದಲ್ಲಿ ಕಾರಣಗಳಿಗೇ ಹೆಚ್ಚು ಜಾಗ ಕೊಟ್ಟಿದೆ.

ಮೊದಲ ಕೆಲಸ ರೋಗಿ ಯಾರೆಂದು ಖಚಿತಪಡಿಸಿಕೊಳ್ಳುವುದು. "ನೀವು ಶೆಟ್ಟಿ ಅವರಾ?" ಎಂದು ಕೇಳಬಾರದು, ಜ್ವರದಲ್ಲಿರುವವರು, ಕಿವಿ ಮಂದವಾದವರು, ಬೇಗ ಮುಗಿದರೆ ಸಾಕೆನ್ನುವವರು ಎಲ್ಲದಕ್ಕೂ ಹೌದೆಂದು ತಲೆಯಾಡಿಸುತ್ತಾರೆ. "ಅಮ್ಮಾ, ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ತಾರೀಕು ಹೇಳಿ" ಎಂದು ಕೇಳಿ, ಅವರು ಹೇಳಿದ್ದನ್ನು ಚೀಟಿಯೊಂದಿಗೆ ಹೋಲಿಸಬೇಕು. ಕನಿಷ್ಠ ಎರಡು ಗುರುತುಗಳು ಹೊಂದಬೇಕು. ಹಾಸಿಗೆಯ ನಂಬರು ಅವುಗಳಲ್ಲೊಂದಲ್ಲ, ಏಕೆಂದರೆ ರೋಗಿಗಳು ಹಾಸಿಗೆ ಬದಲಿಸುತ್ತಾರೆ. ನಮ್ಮವರ ಹೆಸರುಗಳಿಗೆ ಮುಂಬಯಿಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಅರ್ಜಿಗಳು ಸ್ವಂತ ಹೆಸರು, ತಂದೆ ಅಥವಾ ಗಂಡನ ಹೆಸರು, ಕುಲನಾಮ ಎಂಬ ಮಹಾರಾಷ್ಟ್ರದ ಕ್ರಮವನ್ನು ಕೇಳುತ್ತವೆ. ಮೈಸೂರು ಕಡೆಯ ಹಿರಿಯರಿಗೆ ಕುಲನಾಮವೇ ಇರುವುದಿಲ್ಲ, ಹೆಸರಿನ ಮುಂದೆ ಎರಡು ಇನಿಷಿಯಲ್ ಅಷ್ಟೆ. ಹೀಗಾಗಿ ಒಬ್ಬರೇ ವ್ಯಕ್ತಿ ಆಧಾರ್ ಕಾರ್ಡಿನಲ್ಲಿ ಒಂದು ಹೆಸರಾಗಿಯೂ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇನ್ನೊಂದಾಗಿಯೂ ಇರುತ್ತಾರೆ. ಇನ್ನು ಭಾಂಡುಪಿನ ಒಂದೇ ಕಟ್ಟಡದಲ್ಲಿ ನಾಲ್ಕು ಶೆಟ್ಟಿ, ಮೂರು ಪೂಜಾರಿ ಮನೆಗಳಿದ್ದರೆ ಹೆಸರೊಂದನ್ನೇ ನಂಬುವುದು ಹೇಗೂ ಸಾಧ್ಯವಿಲ್ಲ.

ಮನೆಗೆ ಹೋಗಿ ರಕ್ತ ತೆಗೆಯುವಾಗ ಅಪಾಯ ಇನ್ನೂ ಹತ್ತಿರದಲ್ಲಿರುತ್ತದೆ. ಬೆಳಗಿನ ಆರೂವರೆಗೆ ಅತ್ತೆ, ಸೊಸೆ ಇಬ್ಬರದೂ ಪರೀಕ್ಷೆ. ಊಟದ ಮೇಜಿನ ಮೇಲೆ ಎಂಟು ಟ್ಯೂಬುಗಳು, ಎಲ್ಲಕ್ಕೂ ಅದೇ ಕುಲನಾಮ, ಅದೇ ವಿಳಾಸ. ಬೇಗ ಆಗಲೆಂದು ಎಂಟಕ್ಕೂ ಮೊದಲೇ ಬಾರ್‌ಕೋಡ್ ಅಂಟಿಸಿಟ್ಟರೆ ಸೊಸೆಯ ರಕ್ತ ಅತ್ತೆಯ ಟ್ಯೂಬಿಗೆ ಇಳಿಯಲು ಒಂದು ಕ್ಷಣ ಸಾಕು, ಆಮೇಲೆ ಅದನ್ನು ಕಂಡುಹಿಡಿಯುವ ದಾರಿಯೇ ಇಲ್ಲ. ಆದುದರಿಂದ ಒಬ್ಬರದು ತೆಗೆದು, ಅವರ ಎದುರಿಗೇ ಚೀಟಿ ಅಂಟಿಸಿ, ತಾರೀಕು, ಹೊತ್ತು ಬರೆದು, ಟ್ಯೂಬುಗಳನ್ನು ಚೀಲದೊಳಗಿಟ್ಟ ನಂತರವೇ ಮುಂದಿನವರ ತೋಳು ಮುಟ್ಟಬೇಕು.

ರಕ್ತದ ಗುಂಪು ನೋಡಲು ಮತ್ತು ರಕ್ತ ಕೊಡುವ ಮೊದಲಿನ ಹೊಂದಾಣಿಕೆ ಪರೀಕ್ಷೆಗೆ ತೆಗೆಯುವ ಸ್ಯಾಂಪಲಿನಲ್ಲಿ ಈ ತಪ್ಪು ಪ್ರಾಣಕ್ಕೇ ಎರವಾಗಬಹುದು. ಈ ಊರಿನ ಹೆಸರನ್ನೇ ಹೊತ್ತ 'ಬಾಂಬೆ' ರಕ್ತದ ಗುಂಪನ್ನು ವೈ. ಎಂ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ ಇಲ್ಲಿಯೇ ಗುರುತಿಸಿದರು. ಆ ಗುಂಪಿನವರ ಕೆಂಪುಕಣಗಳನ್ನಷ್ಟೇ ಪರೀಕ್ಷಿಸಿದರೆ 'ಒ' ಗುಂಪಿನಂತೆ ಕಾಣುತ್ತದೆ. ಆದರೆ ಅವರ ಸೀರಮ್ಮಿನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಲ್ಲಿ, 'ಒ' ಕೆಂಪುಕಣಗಳ ಮೇಲಿರುವ 'ಎಚ್' ಪ್ರತಿಜನಕವೆಂಬ ಗುರುತಿನ ವಿರುದ್ಧ ಪ್ರತಿಕಾಯಗಳಿರುವುದರಿಂದ 'ಒ' ರಕ್ತವನ್ನೂ ಅವರಿಗೆ ಕೊಡುವಂತಿಲ್ಲ. ಪ್ರಯೋಗಾಲಯ ಸೀರಮ್ಮನ್ನೂ ಪರೀಕ್ಷಿಸಿ ಇದನ್ನು ಹಿಡಿಯುತ್ತದೆ. ಆದರೆ ಟ್ಯೂಬಿನ ಮೇಲಿನ ಹೆಸರೇ ತಪ್ಪಾಗಿದ್ದರೆ ಎಷ್ಟು ಸೂಕ್ಷ್ಮವಾದ ಪರೀಕ್ಷೆಯೂ ಬೇರೆಯವರ ಗುಂಪನ್ನೇ ಸರಿಯಾಗಿ ಹೇಳುತ್ತದೆ.

ಹೆಸರಿನ ನಂತರ ಕೇಳಬೇಕಾದ್ದು ಹೊಟ್ಟೆಯ ವಿಚಾರ. ಖಾಲಿ ಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ ಮುಂತಾದ ಪರೀಕ್ಷೆಗಳಿಗೆ ಎಂಟರಿಂದ ಹನ್ನೆರಡು ತಾಸು ನೀರಲ್ಲದೆ ಬೇರೇನೂ ತೆಗೆದುಕೊಂಡಿರಬಾರದು. "ಏನೂ ತಿಂದಿಲ್ಲ" ಎಂಬ ಉತ್ತರದಲ್ಲಿ ಸ್ಟೇಷನ್ನಿನ ಹೊರಗೆ ಕುಡಿದ ಕಟಿಂಗ್ ಚಹಾ ಸೇರಿರುವುದಿಲ್ಲ. ಅದು ತಿಂದದ್ದಲ್ಲ, ಕುಡಿದದ್ದು ಎಂಬುದು ರೋಗಿಯ ಪ್ರಾಮಾಣಿಕ ನಂಬಿಕೆ. ಚಹಾ ಕುಡಿದಿರಾ ಎಂದು ಬೇರೆಯಾಗಿಯೇ ಕೇಳಬೇಕು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ, ಹಿಂದೆ ರಕ್ತ ಕೊಡುವಾಗ ತಲೆಸುತ್ತು ಬಂದಿತ್ತೇ ಎಂಬುದನ್ನೂ ಆಗಲೇ ತಿಳಿದುಕೊಳ್ಳಬೇಕು. ರೈಲ್ವೆ ಸೇತುವೆಯ ಮೆಟ್ಟಿಲು ಹತ್ತಿಳಿದು ಏದುಸಿರಿನಲ್ಲಿ ಬಂದವರನ್ನು ಹತ್ತು ಹದಿನೈದು ನಿಮಿಷ ಕೂರಿಸುವುದು ಬರಿಯ ಉಪಚಾರವಲ್ಲ. ದೇಹದ ಭಂಗಿ ಮತ್ತು ಶ್ರಮಗಳಿಂದ ನಾಳದೊಳಗಿನ ನೀರಿನಂಶ ಹೊರಹೋಗಿ, ಪ್ರೋಟೀನು ಮತ್ತು ಅದಕ್ಕೆ ಅಂಟಿಕೊಂಡ ಕ್ಯಾಲ್ಸಿಯಂನಂಥವು ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತವೆ.

ತೋಳಿಗೆ ಕಟ್ಟುವ ಟೂರ್ನಿಕೆಟ್ ಪಟ್ಟಿಯೂ ಇದೇ ಬಗೆಯ ತೊಂದರೆ ಮಾಡುತ್ತದೆ. ಚುಚ್ಚುವ ಜಾಗದಿಂದ ನಾಲ್ಕು ಬೆರಳಿನಷ್ಟು ಮೇಲೆ ಅದನ್ನು ಕಟ್ಟಿದಾಗ ಹೃದಯದತ್ತ ಮರಳುವ ರಕ್ತ ತಡೆದು ನಿಂತು ಅಭಿಧಮನಿ ಉಬ್ಬುತ್ತದೆ, ನಮಗೆ ಬೇಕಾದ್ದು ಅಷ್ಟೇ. ಒಂದು ನಿಮಿಷ ದಾಟಿದರೆ ನಿಂತ ರಕ್ತದಿಂದ ನೀರಿನಂಶ ಸುತ್ತಲಿನ ಅಂಗಾಂಶಕ್ಕೆ ಸೋರಿ, ಕಣಗಳೂ ಪ್ರೋಟೀನುಗಳೂ ಸಾಂದ್ರವಾಗುತ್ತವೆ. ನಾಳ ಹುಡುಕುವುದರಲ್ಲಿಯೇ ನಿಮಿಷ ಕಳೆದರೆ ಪಟ್ಟಿ ಬಿಚ್ಚಿ, ಎರಡು ನಿಮಿಷ ಬಿಟ್ಟು ಮತ್ತೆ ಕಟ್ಟುವುದು ಸರಿಯಾದ ದಾರಿ. ಮುಷ್ಟಿ ಹಿಡಿಯಲು ಹೇಳಬಹುದು, ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿದು ಬಿಡಲು ಹೇಳಬಾರದು. ದುಡಿಯುವ ಸ್ನಾಯುವಿನಿಂದ ಪೊಟ್ಯಾಸಿಯಂ ಹೊರಬಂದು ಅದರ ಅಳತೆ ಲೀಟರಿಗೆ ಒಂದು ಮಿಲಿಮೋಲ್‌ನಷ್ಟು ಏರಬಲ್ಲದು. ಸಹಜ ಮಿತಿಯೇ 3.5ರಿಂದ 5ರವರೆಗೆ ಇರುವಾಗ ಒಂದು ಮಿಲಿಮೋಲ್ ಸಣ್ಣದಲ್ಲ. ಆ ಅಂಕಿಯನ್ನು ನಂಬಿ ವೈದ್ಯರು ಹೃದಯದ ಚಿಂತೆಗೆ ಬೀಳಬಹುದು. ಹಳೆಯ ಕಾಂಪೌಂಡರುಗಳಿಂದ ಬಂದ ಈ 'ಮುಷ್ಟಿ ಮಾಡಿ, ಬಿಡಿ, ಮಾಡಿ' ಎಂಬ ಅಭ್ಯಾಸ ಇಂದಿಗೂ ಎಲ್ಲೆಡೆ ಉಳಿದಿರುವುದು ಆಶ್ಚರ್ಯ.

ಮೊಣಕೈಯ ಒಳಮಡಿಕೆಯಲ್ಲಿ ಮೂರು ಅಭಿಧಮನಿಗಳನ್ನು ಗುರುತಿಸಲು ಕಲಿಯಬೇಕು. ನಡುವೆ ಓರೆಯಾಗಿ ಹಾಯುವ ಮೀಡಿಯನ್ ಕ್ಯುಬಿಟಲ್ ಮೊದಲ ಆಯ್ಕೆ, ಏಕೆಂದರೆ ಅದು ದಪ್ಪಗಿರುತ್ತದೆ, ಸೂಜಿ ತಾಗಿದಾಗ ಅಷ್ಟಾಗಿ ಜಾರುವುದಿಲ್ಲ. ಹೆಬ್ಬೆರಳಿನ ಬದಿಯ ಸೆಫಾಲಿಕ್ ಎರಡನೆಯದು. ಮೈ ತುಂಬಿಕೊಂಡವರಲ್ಲಿ ಎಷ್ಟೋ ಸಲ ಅದೊಂದೇ ಕೈಗೆ ಸಿಗುತ್ತದೆ. ಕಿರುಬೆರಳಿನ ಬದಿಯ ಬೆಸಿಲಿಕ್ ಕಣ್ಣಿಗೆ ಚೆನ್ನಾಗಿ ಕಂಡರೂ ಕೊನೆಯ ಆಯ್ಕೆಯಾಗಿಯೇ ಇರಬೇಕು. ಅದರ ಸನಿಹದಲ್ಲೇ ಹೃದಯದಿಂದ ರಕ್ತ ತರುವ ಬ್ರೇಕಿಯಲ್ ಅಪಧಮನಿಯೂ ಮೀಡಿಯನ್ ನರವೂ ಇವೆ. ಕಣ್ಣಿಗಿಂತ ಬೆರಳನ್ನು ನಂಬಬೇಕು. ಒಳ್ಳೆಯ ಅಭಿಧಮನಿ ಒತ್ತಿದರೆ ತಗ್ಗಿ, ಬಿಟ್ಟರೆ ಪುಟಿಯುತ್ತದೆ. ಮಿಡಿಯುವುದು ಅಪಧಮನಿ, ಗಟ್ಟಿ ಹುರಿಯ ಹಾಗೆ ಸಿಗುವುದು ಸ್ನಾಯುರಜ್ಜು ಅಥವಾ ಹೆಪ್ಪುಗಟ್ಟಿ ಮುಚ್ಚಿಹೋದ ನಾಳ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ರಕ್ತ ಕೊಟ್ಟು ಪಳಗಿದ ಅಜ್ಜಿ "ಎಡಗೈಯಲ್ಲಿ ನರ ಸಿಗುದಿಲ್ಲ ಮಗಾ, ಬಲಗೈಯಲ್ಲೇ ತೆಗಿ" ಎಂದರೆ (ಅವರ ಮಾತಿನಲ್ಲಿ ನರವೆಂದರೆ ಅಭಿಧಮನಿ) ಕೇಳುವುದು ಜಾಣತನ. ತಮ್ಮ ತೋಳಿನ ವಿಚಾರ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಕೆಲವು ತೋಳುಗಳನ್ನು ಮುಟ್ಟುವಂತೆಯೇ ಇಲ್ಲ. ಡಯಾಲಿಸಿಸ್‌ಗಾಗಿ ಫಿಸ್ಟುಲಾ ಮಾಡಿದ (ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿದ) ತೋಳು, ಸ್ತನ ತೆಗೆದ ಬದಿಯ ತೋಳು, ಬಾತು ಕೀವಾದ ಅಥವಾ ರಕ್ತ ಕಟ್ಟಿ ನೀಲಿಯಾದ ಜಾಗ ಇವುಗಳಲ್ಲಿ ಸೇರುತ್ತವೆ. ಡ್ರಿಪ್ ಓಡುತ್ತಿರುವ ತೋಳಿನಿಂದ ತೆಗೆದರೆ ಬರುವುದು ರೋಗಿಯ ರಕ್ತ ಮತ್ತು ಬಾಟಲಿಯ ನೀರಿನ ಮಿಶ್ರಣ. ಬಾಟಲಿಯಲ್ಲಿ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ಇದ್ದರೆ ಸಕ್ಕರೆಯ ಅಳತೆ ವಿಪರೀತವಾಗಿಯೂ ಹಿಮೊಗ್ಲೋಬಿನ್ ಇದ್ದುದಕ್ಕಿಂತ ಕಡಿಮೆಯಾಗಿಯೂ ಕಾಣುತ್ತವೆ.

ಚರ್ಮವನ್ನು ಶೇಕಡಾ 70ರ ಆಲ್ಕೋಹಾಲಿನಿಂದ ಒರೆಸಿ, ಸುಮಾರು ಅರ್ಧ ನಿಮಿಷ ತಾನಾಗಿಯೇ ಒಣಗಲು ಬಿಡಬೇಕು. ಊದಿ ಒಣಗಿಸಿದರೆ ಬಾಯಿಯ ಸೂಕ್ಷ್ಮಜೀವಿಗಳು ಅಲ್ಲಿ ಕೂರುತ್ತವೆ. ಒದ್ದೆ ಇರುವಾಗಲೇ ಚುಚ್ಚಿದರೆ ಉರಿಯುತ್ತದೆ, ಕೆಂಪುಕಣಗಳೂ ಒಡೆಯಬಹುದು. ಒರೆಸಿದ ಮೇಲೆ ನಾಳ ಎಲ್ಲಿತ್ತೆಂದು ಮತ್ತೆ ಬೆರಳಿಟ್ಟು ನೋಡುವುದು ಎಲ್ಲ ವಿದ್ಯಾರ್ಥಿಗಳ ಕೈಚಾಳಿ. ಮುಟ್ಟಿದರೆ ಇನ್ನೊಮ್ಮೆ ಒರೆಸಬೇಕು, ಬೇರೆ ದಾರಿಯಿಲ್ಲ.

ವಯಸ್ಕರಿಗೆ ಸಾಮಾನ್ಯವಾಗಿ 21 ಗೇಜಿನ ಸೂಜಿ, ಸಣ್ಣ ನಾಳಗಳಿಗೆ 23 ಗೇಜಿನ ಬಟರ್‌ಫ್ಲೈ (ರೆಕ್ಕೆಗಳೂ ತೆಳು ನಳಿಕೆಯೂ ಇರುವ ಸೂಜಿ) ಬಳಸುತ್ತಾರೆ; ಗೇಜಿನ ಅಂಕಿ ಹೆಚ್ಚಿದಷ್ಟೂ ಸೂಜಿ ಸಣ್ಣದು. ಎಡಗೈ ಹೆಬ್ಬೆರಳಿನಿಂದ ಚರ್ಮವನ್ನು ಕೆಳಕ್ಕೆ ಎಳೆದು ನಾಳವನ್ನು ಹಿಡಿದು ನಿಲ್ಲಿಸಿ, ಸೂಜಿಯ ಓರೆಮುಖ ಮೇಲಿರುವಂತೆ, 15ರಿಂದ 30 ಡಿಗ್ರಿ ಕೋನದಲ್ಲಿ ಒಂದೇ ಸಮನೆ ಒಳಗೆ ಬಿಡಬೇಕು. ಹೆದರಿ ನಿಧಾನವಾಗಿ ತಳ್ಳಿದರೆ ನೋವು ಹೆಚ್ಚು, ನಾಳವೂ ಜಾರಿಕೊಳ್ಳುತ್ತದೆ. ರಕ್ತ ಬರದಿದ್ದರೆ ಸೂಜಿಯನ್ನು ಅತ್ತಿತ್ತ ಆಡಿಸಿ ಹುಡುಕುವುದು ಬೇಡ. ಕೂದಲೆಳೆಯಷ್ಟು ಹಿಂದಕ್ಕೋ ಮುಂದಕ್ಕೋ ಸರಿಸಿ ನೋಡಿ, ಆಗದಿದ್ದರೆ ಹೊರತೆಗೆಯಬೇಕು. ಬೆರಳಿನವರೆಗೆ ಕರೆಂಟ್ ಹೊಡೆದಂತಾಯಿತು ಎಂದು ರೋಗಿ ಹೇಳಿದರೆ ಸೂಜಿ ನರಕ್ಕೆ ತಾಗಿದೆ ಎಂದರ್ಥ, ಆ ಕ್ಷಣವೇ ನಿಲ್ಲಿಸಬೇಕು. ತಿಳಿಗೆಂಪು ರಕ್ತ ಚಿಮ್ಮುತ್ತ ಬಂದರೆ ಅದು ಅಪಧಮನಿ. ಸೂಜಿ ತೆಗೆದು ಕನಿಷ್ಠ ಐದು ನಿಮಿಷ ಬಲವಾಗಿ ಒತ್ತಿ ಹಿಡಿದು, ಹಿರಿಯರಿಗೆ ತಿಳಿಸಬೇಕು. ಎರಡು ಸಲ ಪ್ರಯತ್ನಿಸಿ ಆಗದಿದ್ದರೆ ಮೂರನೆಯದನ್ನು ಬೇರೆಯವರಿಗೆ ಬಿಡುವುದು ಒಳ್ಳೆಯ ಲ್ಯಾಬುಗಳಲ್ಲಿ ರೂಢಿ, ಅದರಲ್ಲಿ ಅವಮಾನವೇನಿಲ್ಲ.

ಇನ್ನು ಟ್ಯೂಬುಗಳ ಕ್ರಮ. ವಿದ್ಯಾರ್ಥಿಗಳು ಇದನ್ನು ಬಣ್ಣಗಳ ಮಗ್ಗಿಯಂತೆ ಉರುಹೊಡೆದು ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಕಾರಣ ತಿಳಿದರೆ ಮರೆಯುವುದು ಕಷ್ಟ. ಪ್ರತಿ ಮುಚ್ಚಳದ ಬಣ್ಣವೂ ಟ್ಯೂಬಿನೊಳಗೆ ಯಾವ ರಾಸಾಯನಿಕವಿದೆ ಎಂಬುದನ್ನು ಹೇಳುತ್ತದೆ, ಮತ್ತು ಒಂದರ ರಾಸಾಯನಿಕ ಸೂಜಿಯ ಮೂಲಕ ಹನಿಯಷ್ಟು ಮುಂದಿನದಕ್ಕೆ ದಾಟಿದರೂ ಸಾಕು, ಫಲಿತಾಂಶ ಕೆಡುತ್ತದೆ. ಆದುದರಿಂದ ರಕ್ತದಲ್ಲಿ ಸೂಕ್ಷ್ಮಜೀವಿಗಳಿವೆಯೇ ಎಂದು ಬೆಳೆಸಿ ನೋಡುವ ಕಲ್ಚರ್ ಬಾಟಲಿಗಳು ಎಲ್ಲಕ್ಕಿಂತ ಮೊದಲು, ಏಕೆಂದರೆ ಅಲ್ಲಿ ಹೊರಗಿನ ಸೂಕ್ಷ್ಮಜೀವಿಯ ಸೋಂಕು ತಗಲಬಾರದು. ನಂತರ ಹೆಪ್ಪುಗಟ್ಟುವಿಕೆಯ ಪರೀಕ್ಷೆಗಿರುವ ತಿಳಿನೀಲಿ ಮುಚ್ಚಳದ ಸಿಟ್ರೇಟ್. ಇದಕ್ಕೆ ಹೆಪ್ಪು ತರಿಸುವ ವಸ್ತುವಾಗಲಿ ಹೆಪ್ಪು ತಡೆಯುವ ಬೇರೆ ವಸ್ತುವಾಗಲಿ ಸೋಕಕೂಡದು. ಆಮೇಲೆ ಸೀರಮ್ಮಿನ ಕೆಂಪು ಅಥವಾ ಹಳದಿ, ಹೆಪ್ಪು ತಡೆಯುವ ಹೆಪಾರಿನ್‌ನ ಹಸಿರು, ಅದೇ ಕೆಲಸದ ಇಡಿಟಿಎಯ ನೇರಳೆ, ಕೊನೆಗೆ ಸಕ್ಕರೆ ಪರೀಕ್ಷೆಯ ಫ್ಲೋರೈಡ್ ಇರುವ ಬೂದು.

ನೇರಳೆ ಟ್ಯೂಬು ಸೀರಮ್ಮಿನ ಟ್ಯೂಬಿಗಿಂತ ಮೊದಲು ಬಂದರೆ ಏನಾಗುತ್ತದೆ ನೋಡಿ. ಅದರಲ್ಲಿರುವುದು ಇಡಿಟಿಎಯ ಪೊಟ್ಯಾಸಿಯಂ ಲವಣ. ಕ್ಯಾಲ್ಸಿಯಂ ಇಲ್ಲದೆ ರಕ್ತ ಹೆಪ್ಪುಗಟ್ಟಲಾರದು. ಇಡಿಟಿಎ ಆ ಕ್ಯಾಲ್ಸಿಯಂ ಅನ್ನೇ ಹಿಡಿದಿಟ್ಟುಕೊಂಡು ರಕ್ತವನ್ನು ತೆಳುವಾಗಿ ಇಡುತ್ತದೆ. ಕಣಗಳನ್ನು ಎಣಿಸಲು ಇದು ಅನುಕೂಲ. ಆದರೆ ಅದೇ ಇಡಿಟಿಎ ಸೀರಮ್ಮಿನ ಟ್ಯೂಬಿಗೆ ಸೇರಿದರೆ ಪೊಟ್ಯಾಸಿಯಂ ಹುಸಿಯಾಗಿ ಏರಿ, ಕ್ಯಾಲ್ಸಿಯಂ ಬದುಕಿರುವ ಮನುಷ್ಯನಲ್ಲಿ ಇರಲಾರದಷ್ಟು ಕೆಳಗಿಳಿದು, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಕೂಡ ತಗ್ಗಿ ಕಾಣುತ್ತದೆ. ಆರೋಗ್ಯವಾಗಿ ನಡೆದುಬಂದ ರೋಗಿಯ ವರದಿಯಲ್ಲಿ ಈ ಮೂರೂ ಒಟ್ಟಿಗೆ ಕಂಡರೆ ಅನುಭವಿ ತಂತ್ರಜ್ಞರು ಮೊದಲು ಕೇಳುವುದು, ರಕ್ತ ತೆಗೆದವರು ಯಾರು ಎಂದು. ಟ್ಯೂಬು ತುಂಬದೆ ಹೋಯಿತೆಂದು ನೇರಳೆಯದರಿಂದ ಕೆಂಪಿನದಕ್ಕೆ ಸ್ವಲ್ಪ ಸುರಿಯುವವರೂ ಇದ್ದಾರೆ. ಅದನ್ನು ಅಜ್ಞಾನವೆನ್ನುವುದಕ್ಕಿಂತ ಅಪರಾಧವೆನ್ನುವುದೇ ಸರಿ.

ತಿಳಿನೀಲಿ ಟ್ಯೂಬಿಗೆ ಪ್ರಮಾಣವೂ ಮುಖ್ಯ. ಅದರಲ್ಲಿ 0.3 ಮಿಲಿಲೀಟರ್ ಸಿಟ್ರೇಟ್ ಇದ್ದರೆ 2.7 ಮಿಲಿಲೀಟರ್ ರಕ್ತ ಬೀಳಬೇಕು, ಅಂದರೆ ಒಂದಕ್ಕೆ ಒಂಬತ್ತು. ಕಡಿಮೆ ತುಂಬಿದರೆ ಸಿಟ್ರೇಟ್ ಹೆಚ್ಚಾಗಿ, ಹೆಪ್ಪುಗಟ್ಟಲು ಬೇಕಾದ ಸಮಯ ಇದ್ದುದಕ್ಕಿಂತ ಉದ್ದವೆಂದು ಬರುತ್ತದೆ. ಬಟರ್‌ಫ್ಲೈ ಬಳಸುವಾಗ ಅದರ ನಳಿಕೆಯಲ್ಲಿರುವ ಗಾಳಿ ಮೊದಲು ಟ್ಯೂಬಿಗೆ ಹೋಗಿ ರಕ್ತ ಅಷ್ಟು ಕಡಿಮೆ ಬೀಳುವುದರಿಂದ, ಚೆಲ್ಲಿಬಿಡುವ ಒಂದು ಟ್ಯೂಬನ್ನು ಮುಂಚೆ ಹಾಕಿ ಆಮೇಲೆ ಸಿಟ್ರೇಟ್ ತುಂಬಿಸುತ್ತಾರೆ.

ತುಂಬಿದ ಪ್ರತಿ ಟ್ಯೂಬನ್ನೂ ಕೂಡಲೇ ನಿಧಾನವಾಗಿ ಮಗುಚಿ ಬೆರೆಸಬೇಕು: ಸಿಟ್ರೇಟನ್ನು ಮೂರು ನಾಲ್ಕು ಸಲ, ಸೀರಮ್ಮಿನದನ್ನು ಐದು ಸಲ, ಉಳಿದವನ್ನು ಎಂಟರಿಂದ ಹತ್ತು ಸಲ. ಕುಲುಕಿದರೆ ಕೆಂಪುಕಣಗಳು ಒಡೆಯುತ್ತವೆ. ಕಣದೊಳಗಿನ ಪೊಟ್ಯಾಸಿಯಂ ಹೊರಗಿನದಕ್ಕಿಂತ ಮೂವತ್ತು ಪಟ್ಟಿನ ಆಸುಪಾಸು ಹೆಚ್ಚಿರುವುದರಿಂದ ಕೆಲವೇ ಕಣಗಳು ಒಡೆದರೂ ಅಳತೆ ಏರುತ್ತದೆ, ಎಲ್‌ಡಿಎಚ್ ಮತ್ತು ಎಎಸ್‌ಟಿ ಕಿಣ್ವಗಳೂ ಏರುತ್ತವೆ. ಸಿರಿಂಜನ್ನು ಜೋರಾಗಿ ಎಳೆಯುವುದು, ಸಣ್ಣ ಸೂಜಿಯ ಮೂಲಕವೇ ಟ್ಯೂಬಿಗೆ ರಕ್ತವನ್ನು ಒತ್ತಿ ಇಳಿಸುವುದು ಇದೇ ಹಾನಿ ಮಾಡುತ್ತವೆ.

ರಕ್ತ ಬರತೊಡಗಿದ ಮೇಲೆ ಪಟ್ಟಿ ಸಡಿಲಿಸಿ, ಕೊನೆಯ ಟ್ಯೂಬನ್ನು ಸೂಜಿಯ ಹಿಡಿಕೆಯಾದ ಹೋಲ್ಡರಿನಿಂದ ಬಿಡಿಸಿ, ನಂತರ ಸೂಜಿ ತೆಗೆಯಬೇಕು. ಪಟ್ಟಿ ಬಿಗಿದಿರುವಾಗ ಸೂಜಿ ಎಳೆದರೆ ರಕ್ತ ಚರ್ಮದಡಿ ಹರಡಿ ಮರುದಿನಕ್ಕೆ ತೋಳು ನೀಲಿಗಟ್ಟುತ್ತದೆ. ಹತ್ತಿಯಿಟ್ಟು ಕೈ ಮಡಚಿಕೊಳ್ಳಿ ಎಂದು ಹೇಳುವ ಪದ್ಧತಿಯೂ ತಪ್ಪು. ತೋಳನ್ನು ನೇರವಾಗಿರಿಸಿ ಎರಡು ಮೂರು ನಿಮಿಷ ಒತ್ತಿ ಹಿಡಿಯಬೇಕು. ಡೆಂಗ್ಯೂ ರೋಗಿಗೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು ಹೊತ್ತು. ಬೆವರಿ, ಮುಖ ಬಿಳಿಚಿ, ಕಣ್ಣು ಕತ್ತಲಿಡುತ್ತಿದೆ ಎಂದವರನ್ನು ಎಬ್ಬಿಸಿ ನೀರು ಕುಡಿಸಲು ಹೋಗದೆ, ಸೂಜಿ ತೆಗೆದು ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು.

ಟ್ಯೂಬಿನೊಳಗೆ ಬಂದ ಮೇಲೂ ರಕ್ತ ಸುಮ್ಮನೆ ಕೂರುವುದಿಲ್ಲ. ಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಹೊರಗಿನ ಉಷ್ಣತೆಯಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ. ಬೂದು ಟ್ಯೂಬಿನ ಫ್ಲೋರೈಡ್ ಇರುವುದು ಇದನ್ನು ತಡೆಯಲು. ಸೀರಮ್ಮಿನ ಟ್ಯೂಬು ಅರ್ಧ ತಾಸು ನಿಂತು ಹೆಪ್ಪುಗಟ್ಟಬೇಕು, ಎರಡು ತಾಸಿನೊಳಗೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಸೀರಮ್ಮನ್ನು ಕಣಗಳಿಂದ ಬೇರ್ಪಡಿಸಬೇಕು. ಬದಲಾಪುರದಲ್ಲಿ ಬೆಳಿಗ್ಗೆ ಆರೂವರೆಗೆ ತೆಗೆದದ್ದು ಲೋಕಲ್ ಹಿಡಿದು ನಗರದ ಲ್ಯಾಬಿಗೆ ಸೇರುವಾಗ ಹತ್ತಾಗಿದ್ದರೆ ಆ ಎರಡು ತಾಸು ರೈಲಿನಲ್ಲೇ ಮುಗಿದಿರುತ್ತದೆ. ಹಾಗೆಂದು ಬೇರ್ಪಡಿಸದ ರಕ್ತವನ್ನು ಐಸಿಗೆ ತಾಗಿಸಿ ಇಟ್ಟರೆ, ಪೊಟ್ಯಾಸಿಯಂ ಅನ್ನು ಒಳಗೆ ಸೇದಿಡುವ ಕಣಗಳ ಪಂಪು ಚಳಿಗೆ ನಿಂತು ಅದು ಹೊರಗೆ ಸೋರುತ್ತದೆ. ದೂರದ ಉಪನಗರಗಳಲ್ಲಿ ಸಂಗ್ರಹಿಸುವ ಲ್ಯಾಬುಗಳು ಅಲ್ಲಿಯೇ ಒಂದು ಸೆಂಟ್ರಿಫ್ಯೂಜ್ ಇಟ್ಟುಕೊಳ್ಳುವುದು ಇದಕ್ಕಾಗಿ.

ತನ್ನ ಮೈಯ ರಕ್ಷಣೆಯನ್ನು ಕಲಿಯುವವರು ಮೊದಲ ದಿನಕ್ಕೂ ಮುಂಚೆಯೇ ಆರಂಭಿಸಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳು ಮೊದಲ ದಿನ, ಒಂದು ತಿಂಗಳು, ಆರು ತಿಂಗಳು ಎಂಬ ಅಂತರದಲ್ಲಿ ಆಗಿರಬೇಕು. ಲಸಿಕೆಯಿಲ್ಲದವರಿಗೆ ಸೋಂಕಿತರ ಸೂಜಿ ಚುಚ್ಚಿದರೆ ಆ ರೋಗ ತಗಲುವ ಸಾಧ್ಯತೆ ಶೇಕಡಾ 30ರವರೆಗೂ ಇದೆ, ಎಚ್‌ಐವಿಯ ವಿಷಯದಲ್ಲಿ ಅದು ಶೇಕಡಾ 0.3ರ ಹತ್ತಿರ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗಲೇ ಎಷ್ಟೋ ಬೆರಳುಗಳಿಗೆ ಚುಚ್ಚುತ್ತದೆ, ಆದುದರಿಂದ ಮುಚ್ಚಳ ಹಾಕಕೂಡದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿ ಹೋಗಬೇಕಾದ್ದು ಚುಚ್ಚಿದರೂ ತೂತಾಗದ ಬಿಳಿ ಅರೆಪಾರದರ್ಶಕ ಡಬ್ಬಿಗೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಕೈಗವಸು ಮತ್ತು ಸೂಜಿ ತೆಗೆದ ಪ್ಲಾಸ್ಟಿಕ್ ಸಿರಿಂಜು ಕೆಂಪು ಚೀಲಕ್ಕೆ. ಮನೆಗೆ ಹೋಗಿ ತೆಗೆದಾಗ ರಕ್ತದ ಹತ್ತಿಯನ್ನೂ ರೋಗಿಯ ಮನೆಯ ಕಸದ ಬುಟ್ಟಿಗೆ ಹಾಕದೆ, ಸೂಜಿಯ ಡಬ್ಬಿಯೊಂದಿಗೆ ಲ್ಯಾಬಿಗೆ ತರಬೇಕು.

ಇಷ್ಟಾಗಿಯೂ ಚುಚ್ಚಿದರೆ ಆ ಜಾಗವನ್ನು ಹಿಂಡಬಾರದು, ಬಾಯಿಗಿಡಬಾರದು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಮೇಲಿನವರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಸಾಧ್ಯವಾದರೆ ಮೊದಲ ಎರಡು ತಾಸಿನಲ್ಲಿ, ತಡವೆಂದರೂ 72 ತಾಸಿನೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕಾಗುತ್ತದೆ. ಕೆಲಸ ಹೋದೀತೆಂದೋ ಬೈದಾರೆಂದೋ ಹುಡುಗ ಹುಡುಗಿಯರು ಮುಚ್ಚಿಟ್ಟುಕೊಂಡು ಸಂಜೆಯವರೆಗೆ ಕೆಲಸ ಮಾಡುವುದುಂಟು, ಆ ಹೊತ್ತಿಗೆ ಮೊದಲ ಎರಡು ತಾಸು ಎಂದೋ ಮುಗಿದಿರುತ್ತದೆ. ತರಬೇತಿಗೆ ಸೇರಿದ ದಿನವೇ ಆ ಮಾತ್ರೆಗಳು ಎಲ್ಲಿ, ಯಾರ ಬಳಿ ಇವೆ, ರಾತ್ರಿ ಪಾಳಿಯಲ್ಲಿ ಅವುಗಳ ಬೀಗದ ಕೈ ಯಾರಲ್ಲಿರುತ್ತದೆ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.